ಇಲಿಯ ಲಸಿಕೆಯನ್ನು ಇಲಿಯದೆಂದೇ ಬರೆಯಿರಿ

ಅಲ್ಲ, ಮೊನ್ನೆ ಫೋನಿನಲ್ಲಿ ನಿಮ್ಮ ಕಚೇರಿಯವರು ತಮಿಳಿನಲ್ಲಿ "ಸಾರ್, ಸೆಕೆಂಡ್ ಪೇಜ್ ಪಾತ್ತೀಂಗಳಾ?" ಎಂದು ಕೇಳಿ ಪಟ್ಟನೆ ಇಟ್ಟುಬಿಟ್ಟರಲ್ಲ, ಅದಕ್ಕೆ ಉತ್ತರ ಕೊಡುತ್ತಿದ್ದೇನೆ, ಸಂಶೋಧನಾ ಸಂಸ್ಥೆಯ ಪ್ರಕಟಣಾಧಿಕಾರಿಗಳೇ. ನೋಡಿದೆ. ನಿಮ್ಮ ಪ್ರಕಟಣೆಯ ಎರಡನೇ ಪುಟವನ್ನು ಎರಡು ವರ್ಷ ತಡವಾಗಿ ನೋಡಿದೆ. ಸ್ತನ ಕ್ಯಾನ್ಸರಿಗೆ ಲಸಿಕೆ ಯಶಸ್ವಿ ಎಂದು ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಸಾರಿದ್ದಿರಿ. ಯಶಸ್ವಿಯಾದದ್ದು ಇಲಿಗಳಲ್ಲಿ ಎಂಬುದನ್ನು ಎರಡನೇ ಪುಟದ ತಳದಲ್ಲಿ ಬಚ್ಚಿಟ್ಟಿದ್ದಿರಿ. ಪೇಪರಿನವರು ಅದೇ ಕ್ರಮದಲ್ಲಿ ಅಚ್ಚುಹಾಕಿದರು.

ನಮ್ಮ ಮನೆಯ ಪದ್ಧತಿ ಕೇಳಿ. ಕೀಲ್ಪಾಕಿನಲ್ಲಿ ನಲವತ್ತು ವರ್ಷ, ದಿನಾ ಬೆಳಿಗ್ಗೆ ಡಿಕಾಕ್ಷನ್ ಇಳಿಯುವವರೆಗೆ ನಾನು ಇಂಗ್ಲಿಷ್ ಪೇಪರನ್ನು ಕನ್ನಡ ಮಾಡಿ ಹೇಳಬೇಕು, ನನ್ನ ಹೆಂಡತಿ ಗುಣವತಿ ಕೇಳಬೇಕು. ಕಾಫಿ ಬಂತೋ, ಪೇಪರ್ ಮಡಿಚಬೇಕು. ಆ ದಿನ ನಿಮ್ಮ ಸುದ್ದಿ ಮೂರು ಪ್ಯಾರಾ ಆಗುವಷ್ಟರಲ್ಲಿ ಕಾಫಿ ಬಂತು. ಅವಳ ಎದೆಯ ಗಡ್ಡೆಗೆ ಮುಂದಿನ ವಾರ ಆಪರೇಷನ್ ನಿಗದಿಯಾಗಿತ್ತು.

"ಅಂದ್ರೆ ಕುಯ್ಯೋದು ಬೇಡ, ಸೂಜಿ ಸಾಕು?"

"ಹಾಗೇ ಬರೆದಿದ್ದಾರೆ."

"ನಿಮ್ಮ ಬಿ.ಎ. ಇಂಗ್ಲಿಷ್ ನಂಬಬಹುದೋ?"

"ದೊಡ್ಡ ಸೈಂಟಿಸ್ಟುಗಳು ಕಣೇ, ಸುಳ್ಳು ಬರೀತಾರಾ?"

ಐದು ತಿಂಗಳು ಕಾದೆವು. ಆಸ್ಪತ್ರೆಯವರು ಎರಡು ಸಲ ಫೋನ್ ಮಾಡಿದರು, ಊರಲ್ಲಿಲ್ಲ ಎಂದೆ. ತಪ್ಪು ನನ್ನದೂ ಇದೆ, ಯಾರು ಇಲ್ಲವೆಂದರು? ಆರನೇ ತಿಂಗಳು ಸರ್ಜನ್ "ಟೂ ಲೇಟ್" ಎಂದರು. ಅದನ್ನು ಕನ್ನಡ ಮಾಡಿ ಹೇಳುವ ಕೆಲಸವೂ ನನ್ನದೇ ಆಯಿತು. ಹಿಂದಿನ ಆಷಾಢದಲ್ಲಿ ತೀರಿಕೊಂಡಳು.

ಇಲಿಗಳ ಮೇಲೆ ಪ್ರಯೋಗ ಬೇಡ ಎನ್ನುತ್ತಿಲ್ಲ, ಮಾಡಿ. ನಿಘಂಟು ಇಟ್ಟುಕೊಂಡು ಪೂರ್ತಿ ಓದಿದ್ದೇನೆ: ಆರೋಗ್ಯವಾಗಿದ್ದ ಇಲಿಗಳಿಗೆ ಮೊದಲು ಲಸಿಕೆ, ಆಮೇಲೆ ಕ್ಯಾನ್ಸರಿನ ಕಣ. ಗಡ್ಡೆ ಬೆಳೆಯಲಿಲ್ಲ, ಸಂತೋಷ. ಆದರೆ ಗುಣವತಿಗೆ ಗಡ್ಡೆ ಮೊದಲೇ ಇತ್ತಲ್ಲ ಸ್ವಾಮಿ? ಅವಳು ಇಲಿಯೂ ಅಲ್ಲವಲ್ಲ? ಇಷ್ಟು ಹೇಳಲು ಮೊದಲ ಪುಟದಲ್ಲಿ ಜಾಗವಿರಲಿಲ್ಲವೇ? ನಿರ್ದೇಶಕರ ಫೋಟೋಕ್ಕೆ ಇತ್ತು. ಇಲಿಗಳ ಫೋಟೋ ಯಾಕಿಲ್ಲ? ಪಾಪ, ಕಷ್ಟಪಟ್ಟದ್ದು ಅವು.

ಹಳೆಯ ಕಥೆ ಎನ್ನಬೇಡಿ. ಕಳೆದ ವಾರ ಮತ್ತೊಂದು ಪ್ರಕಟಣೆ ಹೊರಡಿಸಿದ್ದೀರಿ, ಅದೇ ಇಲಿ ಲಸಿಕೆ, ಅದೇ ದಪ್ಪಕ್ಷರ. ವಡಪಳನಿಯಲ್ಲಿರುವ ನನ್ನ ನಾದಿನಿ ಜಯಲಕ್ಷ್ಮೀಗೂ ಅದೇ ಕಾಯಿಲೆ, ಗುರುವಾರ ಆಪರೇಷನ್. "ಭಾವ, ಲಸಿಕೆ ಬರ್ತಿದೆಯಂತೆ, ನಾನು ಕಾಯ್ತೀನಿ" ಎನ್ನುತ್ತಾಳೆ. ಅದು ಇಲಿಗೆ ಕಣಮ್ಮಾ ಎಂದರೆ, "ಅಕ್ಕನಿಗೂ ನೀವೇ ತಾನೇ ಓದಿ ಹೇಳಿದ್ದು?" ನನ್ನ ಮಾತಿಗೆ ಅವಳಲ್ಲಿ ಬೆಲೆಯಿಲ್ಲ. ನಿಮ್ಮ ಲೆಟರ್‌ಹೆಡ್ಡಿಗೆ ಇದೆ.

ಅರ್ಜಿಯ ಕೊನೆಗೆ 'ಐ ಮೋಸ್ಟ್ ಹಂಬ್ಲಿ ಬೆಗ್' ಎಂದು ಬರೆಯಲು ಕಾಲೇಜಿನಲ್ಲಿ ಕಲಿಸಿದ್ದರು. ಬೆಗ್ ಮಾಡುವುದಿಲ್ಲ. ಬುಧವಾರದೊಳಗೆ ಹೊಸ ಪ್ರಕಟಣೆ ಹೊರಡಿಸಿ. ಮೊದಲ ಸಾಲು, ದಪ್ಪಕ್ಷರ: ಇದನ್ನು ಇಲಿಗಳ ಮೇಲೆ ಮಾತ್ರ ಪರೀಕ್ಷಿಸಿದ್ದೇವೆ, ಇದಕ್ಕಾಗಿ ಯಾರೂ ಚಿಕಿತ್ಸೆ ಮುಂದೂಡಬೇಡಿ. ಕೆಳಗೆ ನಿಮ್ಮ ರುಜು, ಸೀಲು. ತಮಿಳಿನಲ್ಲೂ ಇರಲಿ, ಸಾಧ್ಯವಾದರೆ ಕನ್ನಡದಲ್ಲೂ. ನಾನೇ ಬಸ್ಸು ಹತ್ತಿ ಬಂದು ಇಸಿದುಕೊಂಡು ವಡಪಳನಿಗೆ ಒಯ್ಯುತ್ತೇನೆ.

ಇನ್ನೂ ಬರೆಯುವುದಿತ್ತು. ಬೆಳಕು ಹೋಗುತ್ತಿದೆ, ಸಾಲು ಸರಿಯಾಗಿ ಕಾಣುತ್ತಿಲ್ಲ. ಇವತ್ತಾಗಲೇ ಸೋಮವಾರ.

ಇಂತಿ,
ನಿಮ್ಮನ್ನು ಒಮ್ಮೆ ನಂಬಿದ್ದ
ಉಪೇಂದ್ರ ರಾವ್,
ವಿಮಾ ಕಚೇರಿಯ ನಿವೃತ್ತ ಗುಮಾಸ್ತ, ಕೀಲ್ಪಾಕ್