ಕಂದು ಏರದ ಗಾಜು

ಸ್ಲಿವೆನ್, ಅಕ್ಟೋಬರ್ 9

ಮುದ್ದು ರಾಲಿತ್ಸಾ,

ಮೂರು ದಿನದಿಂದ ನಿನ್ನ ಫೋನು ಎತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಬಾಯಲ್ಲಿ ಹೇಳಲಾಗದು, ಅದಕ್ಕೇ ಕಾಗದ. ನಿನ್ನೆ ಕೆಟ್ಟ ಕನಸು ಬಿತ್ತು. ನೀನು ಚಿಕ್ಕವಳು, ಹಿಮದಲ್ಲಿ ಬರಿಗಾಲಲ್ಲಿ ನಿಂತಿದ್ದೀಯ, ಎಷ್ಟು ಹುಡುಕಿದರೂ ನಿನ್ನ ಬೂಟು ಸಿಗುತ್ತಿಲ್ಲ. ಸೋಫಿಯಾದಲ್ಲಿ ಬೆಚ್ಚಗೆ ಇದ್ದೀಯ ತಾನೆ?

ಮೊದಲು ಸುಳ್ಳು ಒಪ್ಪಿಕೊಂಡುಬಿಡುತ್ತೇನೆ. ಸೆಪ್ಟೆಂಬರಿನಲ್ಲಿ ಚಳಿಗಾಲಕ್ಕೆಂದು ಮೆಣಸಿನಕಾಯಿ ಸುಟ್ಟಿಡಲು ಚಿಕ್ಕಮ್ಮನ ಮನೆಗೆ ಹೋಗಿದ್ದೆ ಅಂದೆನಲ್ಲ, ಹೋಗಿರಲಿಲ್ಲ. ಗರ್ಭಕೋಶದ ಗಡ್ಡೆ ತೆಗೆಸಿಕೊಂಡೆ. ಎಷ್ಟೋ ಹೆಂಗಸರಿಗೆ ಇರುವಂಥದ್ದೇ ಅಂದಿದ್ದರು. ನಿನಗೇಕೆ ಚಿಂತೆ ಅಂತ ಹೇಳಲಿಲ್ಲ.

ಮೊನ್ನೆ ಇಲ್ಲಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಎಂದಿನಂತೆ ಗಾಜು ತೊಳೆಯುತ್ತಿದ್ದಾಗ ಡಾಕ್ಟರ್ ಕರಾಜೊವ್ ಕರೆದರು.

“ಝ್ಲಾತ್ಕಾ, ಕೂತ್ಕೋ.”

“ಇನ್ನೂ ಎರಡು ತಟ್ಟೆ ಗಾಜು ಬಾಕಿ ಇದೆ ಡಾಕ್ಟ್ರೇ.”

“ಗಾಜು ಎಲ್ಲೂ ಓಡಿಹೋಗಲ್ಲ. ಕೂತ್ಕೋ.”

ಏಳನೇ ಕ್ಲಾಸು ದಾಟದ ನನಗೆ ತಿಳಿದಷ್ಟು ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿಕೋ. ಗರ್ಭಕೋಶದ ಸ್ನಾಯುವಿನ ಜೀವಕೋಶಗಳಲ್ಲಿ, ಗಡ್ಡೆ ಹದ್ದು ಮೀರಿ ಬೆಳೆಯದಂತೆ ತಡೆಯುವ ಪ್ರೋಟೀನು ಇರುತ್ತದಂತೆ. ಅದಿದ್ದರೆ ಅಲ್ಲಿ ನಿಮ್ಮ ಪ್ರಯೋಗಾಲಯದಲ್ಲಿ ಗಾಜಿನ ಮೇಲಿನ ಚೂರಿಗೆ ನೀವು ಹಾಕುವ ಬಣ್ಣ ಹಿಡಿದು ಕಂದು ಏರುತ್ತದೆ. ನನ್ನದಕ್ಕೆ ಏರಲಿಲ್ಲ. ಜೀವಕೋಶಗಳ ಆಕಾರ ನೋಡಿ ಡಾಕ್ಟರಿಗೆ ಮೊದಲೇ ಅನುಮಾನವಿತ್ತಂತೆ. ಈಗ ಕ್ಯಾನ್ಸರ್ ಅನ್ನುತ್ತಾರೆ.

ಡಾಕ್ಟರ್ ಕೈಗೆ ಕೊಟ್ಟ ವರದಿಯ ಕಾಗದದ ಕೆಳಗೆ ನೋಡಿದರೆ ನಿನ್ನ ಸಹಿ. ಜೊತೆಗೆ ಕೆಲಸ ಮಾಡುವ ಪೆನ್ಕಾ ಏನೂ ತಿಳಿಯದೆ ಹಿಂದಿನಿಂದ ಇಣುಕಿ, “ಓಹೋ, ನಿನ್ ಮಗಳು ದೊಡ್ಡ ಹುದ್ದೆಗೇರಿದಾಳೆ, ಸಹಿ ಮಾತ್ರ ಇನ್ನೂ ಕೋಳಿ ಕೆದರಿದ ಹಾಗೇ” ಅಂತ ನಕ್ಕಳು. ನಾನೂ ನಕ್ಕೆ. ಕೈ ಒದ್ದೆಯಿತ್ತು, ಕಾಗದವೂ ಒದ್ದೆಯಾಯಿತು.

ತಪ್ಪು ನಿನ್ನದಲ್ಲ. ಪರೀಕ್ಷೆಗೆಂದು ನಿಮ್ಮಲ್ಲಿಗೆ ಕಳಿಸುವ, ಗಡ್ಡೆಯ ಚೂರು ಹುದುಗಿಸಿದ ಮೇಣದ ತುಂಡುಗಳ ಮೇಲೆ ಬರೀ ನಂಬರು, ಹೆಸರು ಇಲ್ಲಿನ ಪುಸ್ತಕದಲ್ಲೇ ಉಳಿಯುತ್ತದೆ. ಕೆಲಸಕ್ಕೆ ಮರಳಿದ ದಿನ ಎಂದಿನಂತೆ ಹತ್ತಿ ತುಂಬಿ ಆ ಪೆಟ್ಟಿಗೆ ಕಟ್ಟಿದವಳು ನಾನೇ. ನನ್ನದೂ ಅದರೊಳಗಿದೆ ಅಂತ ನನಗೂ ಗೊತ್ತಿರಲಿಲ್ಲ.

ಊಟ ಬಿಡಬೇಡ. ದೇವಮಾತೆ ನಿನ್ನ ತಲೆ ಕಾಯಲಿ.

ನಿನ್ನ ಅಮ್ಮ,
ಝ್ಲಾತ್ಕಾ

ಇನ್ನೊಂದು ಮಾತು: ಹೋದ ಗುರುವಾರ ಫೋನಿನಲ್ಲಿ ನೀನು, “ಅಮ್ಮಾ, ನಿಮ್ಮೂರಿಂದ ಬಂದಿದ್ರಲ್ಲಿ ಒಂದಕ್ಕೆ ಕಂದೇ ಏರ್ಲಿಲ್ಲ. ಯಾರೋ, ಪಾಪ” ಅಂದೆ. ನಾನು ಬ್ರೆಡ್ಡು ಅಗಿಯುತ್ತಾ, “ಯಾರ ಹಣೆಬರಹವೋ, ಬಿಡು” ಅಂದುಬಿಟ್ಟೆ. ಹಾಗೆ ಅನ್ನಬಾರದಿತ್ತು. ಬಣ್ಣ ಕೆಲಸ ಮಾಡಿತೋ ಇಲ್ಲವೋ ತಿಳಿಯಲು ಪ್ರತಿ ಗಾಜಿನ ಅಂಚಿಗೆ ಆರೋಗ್ಯವಂತರ ಗರ್ಭಕೋಶದ ಒಂದು ಚೂರು ಅಂಟಿಸುತ್ತೇವೆ, ಅದಕ್ಕೂ ಕಂದು ಏರದಿದ್ದರೆ ಬಣ್ಣವೇ ಕೆಟ್ಟಿದೆ ಅಂತ ಅರ್ಥ ಅಂತ ನೀನೇ ಹೇಳಿದ್ದೆ. ನನ್ನ ನಂಬರಿನದು, 614ನೇ ಗಾಜನ್ನು ಇನ್ನೊಮ್ಮೆ ತೆಗೆದು ನೋಡು ಪುಟ್ಟಿ. ಆ ಚೂರಿಗೆ ಕಂದು ಏರಿತ್ತಾ?