ಮೇಜಿಗೆ ಎರಡು ಸಲ

ಮ್ಯೂಲ್‌ಬಾಖ್, ಕೆಳ ಬವೇರಿಯಾ
ಶುಕ್ರವಾರ, 15 ಮಾರ್ಚ್ 2024

ಪ್ರೀತಿಯ ತಮ್ಮ ಕೊರ್ಬಿನಿಯಾನ್,

ಇವತ್ತು ತಪಸ್ಸುಕಾಲದ ಶುಕ್ರವಾರ, ಉಪವಾಸ. ಹಾಲಿಲ್ಲದ ಕಾಫಿ, ಒಂದು ತುಂಡು ಒಣ ಬ್ರೆಡ್ಡು, ಸಂಜೆಯವರೆಗೆ ಅಷ್ಟೇ. ಕೋಳಿಗಳಿಗೆ ಕಾಳು ಹಾಕಿ, ಮೆಟ್ಟಿಲಿನ ಮಂಜು ಕೆರೆದು, ಹಳದಿ ಚೀಲದ ಪ್ಲಾಸ್ಟಿಕ್ ಕಸ ಬೀದಿಗಿಟ್ಟು ಬಂದು ಕೂತಿದ್ದೇನೆ. ಇಡುವ ಮೊದಲು ಅಪ್ಪ ಚೀಲ ಬಿಚ್ಚಿ, ಮೊಸರಿನ ಡಬ್ಬಿಯಿಂದ ಮುಚ್ಚಳ ಬೇರೆ ಮಾಡಿಲ್ಲ ಅಂತ ಎಂದಿನ ಹಾಗೆ ಬೈದರು. ಐವತ್ತು ತುಂಬಿದ ಮಗಳನ್ನು ಮೊಸರಿನ ಡಬ್ಬಿಗೆ ಬೈಯುವ ಅಪ್ಪ ಇನ್ನೊಬ್ಬರಿರಲಾರರು. ನಿನ್ನ ಎದೆನೋವು ಹೇಗಿದೆ? ರೈನ್ ನದಿಯ ಗಾಳಿಗೆ ಸರಕುದೋಣಿಯ ಮೇಲೆ ಬರಿ ಅಂಗಿಯಲ್ಲಿ ನಿಲ್ಲುತ್ತೀಯೇನೋ ಎಂಬ ಯೋಚನೆಗೆ ಜಪಮಾಲೆ ಎಣಿಸುವಾಗಲೂ ನನ್ನ ಲೆಕ್ಕ ತಪ್ಪುತ್ತದೆ. ಫೋನು ಮಾಡೋಣವೆಂದರೆ ನಮ್ಮ ಮನೆಯ ನಂಬರು ಕಂಡರೆ ನೀನು ಎತ್ತುವುದಿಲ್ಲ. ಏಳು ವರ್ಷವಾಯಿತು. ಅದಕ್ಕೇ ಈ ಕಾಗದ. ಬರೆಯುತ್ತಿರುವುದು ಅಪ್ಪನಿಗೆ ಗೊತ್ತಿಲ್ಲ. ಈಗಾಗಲೇ ಮೂರು ಸಲ ಎದ್ದು ಕಿಟಕಿ ನೋಡಿ ಬಂದೆ.

ಊರ ಸುದ್ದಿ ಅಂದರೆ ಲೆನಿಯ ಹೋಟೆಲಿನದೇ. ಶುಕ್ರವಾರ ಸಂಜೆ ಈಗಲೂ ನಾನೇ ಅಲ್ಲಿನ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುವುದು. ಬಡಿಸುವ ಹುಡುಗಿಯರು ಸಿಗುತ್ತಿಲ್ಲವೆಂದು ಲೆನಿ ಒಂದು ಯಂತ್ರ ತಂದಿದ್ದಾಳೆ. ಎದೆಯುದ್ದ ಇದೆ, ಗಾಲಿಯ ಮೇಲೆ ತಾನೇ ಓಡಾಡುತ್ತದೆ, ಮೇಲೆ ಬೆಕ್ಕಿನ ಮುಖ, ಹೊಟ್ಟೆಯ ತುಂಬ ತಟ್ಟೆಗಳು. ಏನು ಬೇಕೆಂದು ಕೇಳುವವರೂ ಇಲ್ಲ. ಮೇಜಿನ ಮೇಲೆ ಅಂಟಿಸಿದ ಕಪ್ಪು ಚುಕ್ಕೆಯ ಚೌಕಕ್ಕೆ ಫೋನು ತೋರಿಸಬೇಕು. ಅಪ್ಪ ಅದನ್ನು ನೋಡಿ, ‘ಮೇಜಿಗೆ ಸಿಡುಬು ಎದ್ದಿದೆಯಲ್ಲೇ ಲೆನಿ, ಡಾಕ್ಟರಿಗೆ ತೋರಿಸಿದೆಯಾ?’ ಅಂದರಂತೆ. ಖಾಯಂ ಮೇಜಿನ ಮುದುಕರಿಗೆ ಮಾತ್ರ ಅವಳೇ ಬಂದು ಕೇಳಿ ಹೋಗುತ್ತಾಳೆ.

ಯಂತ್ರ ಬಂದ ಮೊದಲ ವಾರ ಅಪ್ಪ ಶುಕ್ರವಾರದ ಪೂಜೆ ಮುಗಿಸಿ ಹೋಟೆಲಿಗೆ ಹೋಗಿ, ಕೂತವರೆಲ್ಲರಿಗೂ ಸೇರಿಸಿ ನಮಸ್ಕಾರ ಅಂತ ಬೆರಳ ಗೆಣ್ಣಿನಿಂದ ಮೇಜಿಗೆ ಎರಡು ಸಲ ಕುಟ್ಟಿದರು. ಮುದುಕರೆಲ್ಲ ತಿರುಗಿ ಕುಟ್ಟಿದರು. ಅಷ್ಟರಲ್ಲಿ ಈ ಬೆಕ್ಕು ಕರಿದ ಮೀನು ಹೊತ್ತು ಬಂತು. ಅಪ್ಪ ಅದಕ್ಕೂ ಕುಟ್ಟಿದರು. ಅದು ಮೀನು ಇಳಿಸಿಕೊಳ್ಳಿ ಎಂದಿತು, ಹೊರಟು ಹೋಯಿತು. ‘ಕುಟ್ಟದೆ ಬಂತು, ಕುಟ್ಟದೆ ಹೋಯ್ತು. ಯಾವ ಮನೇಲಿ ಬೆಳೀತೋ’ ಅಂತ ಅಪ್ಪ ಆ ಮೀನು ಮುಟ್ಟಲಿಲ್ಲ. ಉಳಿದವರು ನಕ್ಕರಂತೆ. ನನಗೆ ನಗು ಬರಲಿಲ್ಲ. ಅಪ್ಪ ಬೈದದ್ದು ಯಂತ್ರವನ್ನಲ್ಲ ಅಂತ ನನಗೆ ಗೊತ್ತು, ನಿನಗೂ ಗೊತ್ತು.

ಅಮ್ಮನ ತಿಥಿಯೂಟದ ದಿನ ಅದೇ ಮೇಜಿನಲ್ಲಿ ನೀನು ಫೋನು ಕಿವಿಗಿಟ್ಟುಕೊಂಡು ಕೂತಿದ್ದೆ. ಅಪ್ಪ ಕಸಿದು ಬಿಯರಿನ ಮಗ್ಗಿಗೆ ಹಾಕಿಬಿಟ್ಟರು. ನೀನು ಅದನ್ನು ಎತ್ತಿಕೊಂಡು, ಮೇಜಿಗೆ ಕುಟ್ಟದೆ ಎದ್ದು ಹೋದೆ. ನಮ್ಮೂರಲ್ಲಿ ಹಾಗೆ ಹೋದರೆ ಸಂಬಂಧ ಮುಗಿಯಿತು ಅಂತಲೇ ಅರ್ಥ. ಅಪ್ಪ ಹಾಗೇ ತಿಳಿದರು. ಆ ಫೋನಿನಲ್ಲಿ ಅಮ್ಮ ಆಸ್ಪತ್ರೆಯಿಂದ ನಿನಗೆ ಕಳಿಸಿದ ಕೊನೆಯ ಮಾತಿತ್ತು ಅಂತ ಅವತ್ತು ಸಂಜೆ ನೀನು ರೈಲು ಹತ್ತುವಾಗ ನನಗೆ ಹೇಳಿದೆ, ಅಪ್ಪನಿಗೆ ಹೇಳಬಾರದೆಂದು ಆಣೆ ಹಾಕಿಸಿದೆ. ಏಳು ವರ್ಷ ಬಾಯಿ ಕಟ್ಟಿಕೊಂಡಿದ್ದೆ ಕಣೋ. ಈ ಸಲ ತಪಸ್ಸುಕಾಲದ ಮೊದಲ ದಿನ, ಬೂದಿ ಬುಧವಾರ, ಗುರುಗಳು ಹಣೆಗೆ ಬೂದಿ ಇಟ್ಟ ಮೇಲೆ ತಡೆಯಲಾಗಲಿಲ್ಲ. ಮನೆಗೆ ಬಂದವಳೇ ಅಪ್ಪನಿಗೆ ಎಲ್ಲ ಹೇಳಿಬಿಟ್ಟೆ. ಆಣೆ ಮುರಿದ ಪಾಪ ನನಗಿರಲಿ. ನೀನು ಆ ಒದ್ದೆ ಫೋನನ್ನು ಎರಡೂ ಕೈಯಲ್ಲಿ ಹಕ್ಕಿಮರಿಯ ಹಾಗೆ ಹಿಡಿದುಕೊಂಡು ಹೋದದ್ದನ್ನು ನಾನು ಕಂಡಿದ್ದೆ, ಅದನ್ನೂ ಹೇಳಿದೆ. ಅಪ್ಪ ಎದ್ದು ಹೋಗಿ ಒಲೆಗೆ ಕಟ್ಟಿಗೆ ಹಾಕಿದರು, ಒಲೆ ತುಂಬಿದ್ದರೂ ಹಾಕುತ್ತಲೇ ಇದ್ದರು.

ಆಮೇಲಿನ ಶುಕ್ರವಾರ ಹೋಟೆಲಿನಲ್ಲಿ ಬೆಕ್ಕು ಬಂತು, ಸುಮ್ಮನೆ ಹೊರಟಿತು. ಚಮ್ಮಾರ ಕ್ವಿರಿನ್ ಅಪ್ಪನನ್ನು ಕೆಣಕಲೆಂದೇ, ‘ನೋಡಯ್ಯಾ, ನಿನ್ನ ಗೆಣೆಯ ಇವತ್ತೂ ಕುಟ್ಟಲಿಲ್ಲ’ ಅಂದ. ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದ ನನಗೆ ಅಪ್ಪನ ಉತ್ತರ ಕೇಳಿಸಿತು. ‘ಬಿಡೋ, ಅದರ ಕೈ ಖಾಲಿ ಇರಲಿಲ್ಲ.’ ಅಷ್ಟೇ ಅಂದರು. ಆ ದಿನ ಅವರು ಮೀನು ತಿಂದರು.

ಇನ್ನು ಬರೆಯಲಾರೆ. ಅಪ್ಪನ ಊರುಗೋಲಿನ ಸದ್ದು ಅಂಗಳದಲ್ಲಿ ಕೇಳಿಸುತ್ತಿದೆ. ಮರಿಯಮ್ಮ ನಿನ್ನ ದೋಣಿಯನ್ನು ಕಾಯಲಿ, ನಿನ್ನ ಎದೆಗೆ ಬೆಚ್ಚನೆಯ ಬಟ್ಟೆ ಕೊಡಲಿ.

ನಿನ್ನ ಅಕ್ಕ,
ಆಫ್ರಾ

ಮರೆತೆ, ಇದನ್ನು ಹೇಳುವುದಕ್ಕೇ ಕೂತಿದ್ದೆ: ತಪಸ್ಸುಕಾಲದಲ್ಲಿ ಮೀನೂಟಕ್ಕೆ ಪಟ್ಟಣದವರೂ ಬಂದು ತುಂಬುವುದರಿಂದ ಈಗ ಖಾಯಂ ಮೇಜಿಗೂ ಕುರ್ಚಿಗೊಂದು ಹೆಸರು ಬರೆಸಬೇಕು. ಬಾಗಿಲ ಬಳಿಯ ಪರದೆಯ ಮೇಲೆ ಹೆಸರು ಮೂಡುತ್ತದೆ. ಹೋದ ಶುಕ್ರವಾರ ನೋಡಿದೆ, ಅಪ್ಪನ ಹೆಸರಿನ ಕೆಳಗೆ ನಿನ್ನ ಹೆಸರಿತ್ತು. ಮೂರು ವಾರದಿಂದ ಬರೆಸುತ್ತಿದ್ದಾರಂತೆ, ಪಕ್ಕದ ಕುರ್ಚಿಗೆ ಯಾರನ್ನೂ ಕೂರಗೊಡುವುದಿಲ್ಲವಂತೆ. ಬಾರದವರ ಹೆಸರನ್ನು ಆ ಪರದೆ ಮುಂದಿನ ಶುಕ್ರವಾರ, ಇಪ್ಪತ್ತೆರಡನೇ ತಾರೀಖಿನ ನಂತರ ತಾನೇ ಅಳಿಸಿ ಹಾಕುತ್ತದೆ, ತನ್ನ ಕೈಯಲ್ಲಿಲ್ಲ ಅಂತಾಳೆ ಲೆನಿ. ಬರಲಾಗದಿದ್ದರೆ ಎರಡು ಸಾಲು ಗೀಚು. ಮನೆಗೆ ಬೇಡ, ಅಂಚೆಡಬ್ಬಿ ತೆರೆಯುವವರು ಅಪ್ಪ. ಗುರುಗಳ ವಿಳಾಸಕ್ಕೆ ಹಾಕು, ಅವರ ಅಡುಗೆಯ ನೊಟ್ಬುರ್ಗಾ ತಂದುಕೊಡಲಿ. ಬರುವುದಾದರೆ ಏನೂ ತರಬೇಕಾಗಿಲ್ಲ. ಮಾತೂ ಬೇಡ. ಎರಡೂ ಕೈ ಖಾಲಿ ಮಾಡಿಕೊಂಡು ಬಾ, ಮೇಜಿಗೆ ಎರಡು ಸಲ ಕುಟ್ಟು. ಅಡುಗೆಮನೆಯಲ್ಲಿ ನನಗೆ ಕೇಳಿಸುತ್ತದೆ.