ಹತ್ತು ನಿಮಿಷದ ಡ್ಯೂಟಿಗೆ ನೀವು ಕೊಟ್ಟ ಸೊನ್ನೆ

ಆರೈಕೆ ಕೇಂದ್ರಗಳ ಮಾನ್ಯ ನಿರ್ದೇಶಕರೇ,

ಬರುವ ಸೋಮವಾರದಿಂದ ನನ್ನ ಅಮ್ಮನಿಗೆ ದಿನಾ ಮಧ್ಯಾಹ್ನ ಮಂಪರು ಮಾತ್ರೆ ನುಂಗಿಸಲು ನೀವು ತೀರ್ಮಾನಿಸಿದ್ದೀರಿ. ಆದೇಶದಲ್ಲಿ ಹಾಗೆ ಬರೆದಿಲ್ಲ, ನಿಜ. 'ವೆಚ್ಚಕ್ಕೆ ತಕ್ಕ ಪರಿಣಾಮ ಕಂಡುಬಾರದ ಕಾರಣ ಈ ಕೇಂದ್ರದ ಒಡನಾಟದ ಆಯಾ ಹುದ್ದೆಯನ್ನು ರದ್ದುಪಡಿಸಲಾಗಿದೆ' ಎಂದಷ್ಟೇ ಇದೆ. ಆಯಾ ಹೋದರೆ ಉಳಿಯುವುದು ಮಾತ್ರೆಯೇ. ಅದನ್ನು ಹೇಳಲು ನಿಮಗೆ ನಾಲಿಗೆ ಹೊರಳಲಿಲ್ಲ, ನಾನು ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳುತ್ತಿದ್ದೇನೆ.

ಅಮ್ಮ ಮೂವತ್ತೊಂದು ವರ್ಷ ನರ್ಸ್ ಆಗಿದ್ದವಳು. ಈಗ ಮರೆವಿನ ಕಾಯಿಲೆ. ಮಗಳು ಮರೆತುಹೋಗಿದ್ದಾಳೆ, ವಾರ್ಡು ಮರೆತಿಲ್ಲ. ನಾಲ್ಕು ಗಂಟೆಯಾಯಿತೆಂದರೆ ಎದ್ದು ಕೇಂದ್ರದ ಹನ್ನೆರಡು ಮಂಚಗಳನ್ನೂ ಸುತ್ತುತ್ತಾಳೆ. ಒಬ್ಬರ ಹೊದಿಕೆ ಎತ್ತಿ ಕಾಲು ನೋಡುತ್ತಾಳೆ, ಇನ್ನೊಬ್ಬರ ನಾಡಿ ಹಿಡಿಯುತ್ತಾಳೆ. ಅವರು ಕೂಗಾಡುತ್ತಾರೆ, ಇವಳು ಬಾಗಿಲ ಚಿಲಕ ಜಗ್ಗುತ್ತಾಳೆ, ಮತ್ತೆ ಮಂಚಗಳ ಕಡೆ ಓಡುತ್ತಾಳೆ. ನಿಮ್ಮ ರಿಜಿಸ್ಟರಿನಲ್ಲಿ ಇದರ ಹೆಸರು 'ಗಲಾಟೆ'. ನಾನು ಓದಿದವಳಲ್ಲವೇ, ತಿದ್ದಲು ಹೋದೆ: ನೀನು ರಿಟೈರ್ ಆಗಿ ಹದಿನೈದು ವರ್ಷವಾಯಿತು, ಇದು ಆಸ್ಪತ್ರೆಯಲ್ಲ ಎಂದೆ. ಕೆಲಸದಿಂದ ತೆಗೆದರೆಂದು ತಿಳಿದು ಅವಳು ಸಂಜೆಯಿಡೀ ಅತ್ತಳು. ತಾನೇನು ತಪ್ಪು ಮಾಡಿದೆನೆಂದು ನನ್ನನ್ನೇ ಕೇಳಿದಳು. ಆ ಪಾಪ ನನ್ನದು, ನಿಮ್ಮ ತಲೆಗೆ ಕಟ್ಟುವುದಿಲ್ಲ.

ಗುಟ್ಟು ಹಿಡಿದವಳು ಆಯಾ, ಆಗಿನ್ನೂ ಕೇಂದ್ರದ ಮಾಮೂಲಿ ಕೆಲಸದವಳು. ಹಿಂದೆ ಆಸ್ಪತ್ರೆಯೊಂದರಲ್ಲಿ ನೆಲ ಒರೆಸುತ್ತಿದ್ದ ಹೆಂಗಸು. ಮುಂದಿನ ಪಾಳಿಯವರಿಗೆ ಒಬ್ಬೊಬ್ಬ ರೋಗಿಯ ವಿವರ ಒಪ್ಪಿಸಿ ಚಾರ್ಜ್ ಕೊಡದೆ ಯಾವ ನರ್ಸೂ ಮನೆಗೆ ಹೊರಡುವುದಿಲ್ಲವೆಂದು ಕಣ್ಣಾರೆ ಕಂಡವಳು. ಒಂದು ದಿನ ಹಳೆಯ ನೋಟ್‌ಬುಕ್ ಹಿಡಿದು ಅಮ್ಮನ ಎದುರು ನಿಂತಳು.

"ಸಿಸ್ಟರ್, ನನ್ನ ಡ್ಯೂಟಿ ಶುರುವಾಯ್ತು. ಚಾರ್ಜ್ ಕೊಡ್ತೀರಾ?"

ಅಮ್ಮ ಮಂಚ ಮಂಚದ ವಿವರ ಹೇಳಿದಳು. ಈತನ ಹೊಲಿಗೆ ಬಿಚ್ಚಬೇಕು, ಆ ಅಜ್ಜಿ ನೀರು ಕುಡಿದಿಲ್ಲ. ಆಯಾ ಬರೆದುಕೊಂಡಳು.

"ಬರ್ಕೊಂಡ್ರೆ ಸಾಲ್ದು, ಹೋಗಿ ನೋಡು. ನೀನು ಕೂತು ಕಾಲ ಕಳೆಯೋ ಪೈಕಿ ಅಂತ ಮುಖ ನೋಡಿದ್ರೇ ಗೊತ್ತಾಗುತ್ತೆ" ಎಂದು ಗದರಿ, ಅಮ್ಮ ತನ್ನ ಹಾಸಿಗೆಯ ಮೇಲೆ ಹಾಯಾಗಿ ಕುಳಿತಳು. ಬರೀ ಹತ್ತು ನಿಮಿಷ. ಅಂದಿನಿಂದ ಗಲಾಟೆ ನಿಂತಿತು. ಅಂದಹಾಗೆ, ಆ ಅಜ್ಜಿ ಅವತ್ತು ಬೆಳಗಿನಿಂದ ನಿಜಕ್ಕೂ ನೀರು ಕುಡಿದಿರಲಿಲ್ಲ. ಸಂಬಳ ಎಣಿಸುವ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ.

ಇಂಥದ್ದಕ್ಕೆ ನಿಮ್ಮ ಪರಿಣತರು ಸೊನ್ನೆ ಕೊಟ್ಟದ್ದು ಹೇಗೆ? ಅರ್ಜಿ ಹಾಕಿ ವರದಿ ತರಿಸಿ ಓದಿದೆ. 'ಒಡನಾಟದ ಆಯಾ' ಎಂಬ ಹುದ್ದೆ ಕೊಟ್ಟು ನೀವು ಶುರುಮಾಡಿದ ಯೋಜನೆಗೆ ಮುಂಚಿನ ಮೂರು ತಿಂಗಳ ಗಲಾಟೆಯನ್ನೂ ನಂತರದ ಮೂರು ತಿಂಗಳದ್ದನ್ನೂ ತಾಳೆ ನೋಡಿದ್ದಾರೆ. ವ್ಯತ್ಯಾಸವಿಲ್ಲವಂತೆ. ಇರುವುದಾದರೂ ಹೇಗೆ ಸ್ವಾಮಿ? ಆಯಾ ಮಾಡುತ್ತಿದ್ದುದನ್ನು ನೋಡಿಯೇ ನೀವು ಯೋಜನೆ ಕಟ್ಟಿದ್ದು. ಆ ಯೋಜನೆ ಶುರುವಾಗುವುದಕ್ಕೂ ನಾಲ್ಕು ತಿಂಗಳ ಮುಂಚಿನಿಂದಲೇ ಅವಳು ದಿನಾ ಚಾರ್ಜ್ ತೆಗೆದುಕೊಳ್ಳುತ್ತಿದ್ದಳು. ಉಂಡು ಎದ್ದವರನ್ನು ಸಾಲಾಗಿ ನಿಲ್ಲಿಸಿ, ಯಾರಿಗೂ ಹಸಿವಿಲ್ಲ, ಅಡುಗೆಯವಳು ದಂಡ ಎಂದ ಹಾಗಿದೆ ನಿಮ್ಮ ಸಂಶೋಧನೆ. ಅಮ್ಮನ ಅಭಿಪ್ರಾಯವನ್ನೂ ಕೇಳಿದ್ದಾರೆ, ಇಲ್ಲವೆನ್ನಲಾರೆ: ಒಂದರಿಂದ ಐದರೊಳಗೆ ನಿಮ್ಮ ನೆಮ್ಮದಿ ಎಷ್ಟು? ಅಮ್ಮ ಆ ಪರಿಣತರ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆಯಿದೆ, ಸೊಪ್ಪು ತಿನ್ನಿ ಎಂದಳು. 'ಉತ್ತರವಿಲ್ಲ' ಎಂದು ದಾಖಲಾಗಿದೆ.

ಕಳೆದ ತಿಂಗಳು ಪ್ರಯೋಗಾರ್ಥವಾಗಿ ಆಯಾಳನ್ನು ಒಂಬತ್ತು ದಿನ ಬಟ್ಟೆ ಒಗೆಯಲು ಹಾಕಿದಿರಿ. ನನ್ನನ್ನು ಒಂದು ಮಾತೂ ಕೇಳದೆ ಅಮ್ಮನಿಗೆ ಮಾತ್ರೆ ಕೊಟ್ಟಿರಿ. ಆರನೆಯ ದಿನ ನಾಲ್ಕು ಗಂಟೆಗೆ ಅವಳು ಅಮಲಿನಲ್ಲೇ ಎದ್ದಳು, ಬಿದ್ದಳು, ಮಣಿಕಟ್ಟು ಮುರಿಯಿತು. ಎಕ್ಸ್‌ರೇ, ಪ್ಲಾಸ್ಟರು ಆಸ್ಪತ್ರೆಯ ಲೆಕ್ಕಕ್ಕೆ ಹೋದವು. ನಿಮ್ಮ ವರದಿಯಲ್ಲಿ ಮಾತ್ರೆಯ ವೆಚ್ಚವೆಂದರೆ ಮಾತ್ರೆಯ ಬೆಲೆ ಮಾತ್ರ, ಮುರಿದ ಕೈ ಇನ್ನೊಂದು ಇಲಾಖೆಯದು! ನಾನು ಹೋದಾಗ ಮ್ಯಾನೇಜರು, ಈಗ ಗಲಾಟೆ ಇಲ್ಲವಲ್ಲ ಮೇಡಂ ಎಂದರು. ಇರಲಿಲ್ಲ. ಅರೆಗಣ್ಣು ತೆರೆದು ಮಲಗಿದ್ದ ಅಮ್ಮ, ಮುರಿಯದ ಕೈಯಿಂದ ಮಂಚದ ಕಬ್ಬಿಣದ ಕಂಬಿ ಹಿಡಿದು ನಾಡಿ ಹುಡುಕುತ್ತಿದ್ದಳು.

ನಾನು ಲೆಕ್ಕದ ವೈರಿಯಲ್ಲ. ಸಾರ್ವಜನಿಕರ ಹಣ, ಎಲ್ಲಿ ಹಾಕಿದರೆ ಹೆಚ್ಚು ಜನಕ್ಕೆ ಒಳಿತೆಂದು ನೋಡಲೇಬೇಕು. ಹಾಗಾದರೆ ಪೂರ್ತಿ ನೋಡಿ. ಆಯಾ ಇಲ್ಲದ ಆ ಒಂಬತ್ತು ದಿನವನ್ನು ಒಂದು ಕಡೆ ಇಡಿ, ಅವಳಿದ್ದ ದಿನಗಳನ್ನು ಇನ್ನೊಂದು ಕಡೆ ಇಡಿ, ಮುರಿದ ಮೂಳೆಯನ್ನೂ ತಕ್ಕಡಿಗೆ ಹಾಕಿ. ಅಲ್ಲಿಯವರೆಗೆ ಆದೇಶವನ್ನು ತಡೆಹಿಡಿಯಿರಿ.

ಈ ಸಲ ನಿಮ್ಮವರಿಗೆ ಬುದ್ಧಿ ಬಂದಿದೆ, ಒಪ್ಪಿಗೆ ಪತ್ರ ಕಳಿಸಿದ್ದಾರೆ. ಮಾತ್ರೆ ಕೊಡಬಹುದು, ಬಿದ್ದರೆ ಹೊಣೆ ಮನೆಯವರದು. ಸಹಿ ಹಾಕದಿದ್ದರೆ ಅಮ್ಮನನ್ನು ಕರೆದುಕೊಂಡು ಹೋಗಬೇಕಂತೆ. ನಾನು ಸಹಿ ಹಾಕುವುದಿಲ್ಲ. ಕರೆದುಕೊಂಡು ಹೋಗುವುದೂ ಇಲ್ಲ. ಸೋಮವಾರ ಮಧ್ಯಾಹ್ನ ಆ ಹನ್ನೆರಡು ಮಂಚದವರ ಮಕ್ಕಳು, ಸೊಸೆಯಂದಿರು, ತಮ್ಮಂದಿರು ಔಷಧದ ಕೋಣೆಯ ಬಾಗಿಲಿಗೆ ಅಡ್ಡ ಕೂರುತ್ತೇವೆ. ಮಾತ್ರೆ ಹಿಡಿದವರು ನಮ್ಮನ್ನು ದಾಟಿಕೊಂಡು ಹೋಗಲಿ.

ಇಂತಿ,
ಸದ್ಯಕ್ಕೆ ತನ್ನ ಹೆಸರು ತನಗೆ ನೆನಪಿರುವ,
ಮುಂದೆ ನಿಮ್ಮ ಕೇಂದ್ರಕ್ಕೇ ಬಂದು ಬೀಳಬೇಕಾದ
ಒಬ್ಬ ಮಗಳು